ಎಲ್‌ಪಿ ಕೇಳೋಕೆ ಕಡಿಮೆ ರೇಟಿನ ಆಂಪ್ಲಿಫೈಯರ್: ಅನುಭವ ಇದ್ದವರು ಹೇಳಿ

ಹಾಸನದ ಹೊಸಬ:
ಅಜ್ಜನ ಎಲ್‌ಪಿಗಳು, ಅಂದ್ರೆ ಹಳೇ ಹಾಡಿನ ಪ್ಲೇಟುಗಳು, ನನ್ನ ಪಾಲಿಗೆ ಬಂದಿವೆ. ಅದಕ್ಕೆ ಅಂತಲೇ ಆಡಿಯೋ ಟೆಕ್ನಿಕಾ ಎಲ್‌ಪಿ60 ಅನ್ನೋ ಡೆಕ್ (ಪ್ಲೇಟ್ ತಿರುಗಿಸೋ ಯಂತ್ರ) ತಗೊಂಡೆ. ಸ್ಪೀಕರ್ ಇದೆ, 6 ಓಮ್. ರೂಮು 10ಕ್ಕೆ 12 ಅಡಿ. ಆಂಪ್ ಹತ್ತು ಸಾವಿರ ದಾಟಬಾರದು. ಯಾವುದು ತಗೊಳ್ಳಲಿ?

ಜ್ಯೋತಿನಗರ, ಚಿಕ್ಕಮಗಳೂರು:
ನನ್ನದು ಯಮಹಾ ಎ-ಎಸ್201. ಡೆಕ್ಕಿಗೆ ಅಂತಲೇ ಫೋನೋ ಅನ್ನೋ ಬೇರೆ ಸಾಕೆಟ್ಟೇ ಇದೆ. ಹತ್ತು ಸಾವಿರಕ್ಕೆ ಬರಲ್ಲ, ನಿಜ. ಆದರೆ ಆ ರೇಟಿಗೆ ಏನು ಸಿಗತ್ತೆ ಅಂತ ನೋಡಿ ಬಂದವನು ನಾನು. ಅಂಗಡಿಯವನು ಒಂದು ಪುಟಾಣಿ ಡಬ್ಬಿ ತೋರಿಸಿ "1,000 ವ್ಯಾಟ್ ಸಾರ್" ಅಂದ. ಪಿಎಂಪಿಒ (ಉಬ್ಬಿಸಿದ ಲೆಕ್ಕ) ಬಿಡಪ್ಪಾ, ಆರ್‌ಎಂಎಸ್ (ಸತತವಾಗಿ ಕೊಡೋ ನಿಜವಾದ ವ್ಯಾಟ್) ಎಷ್ಟು ಅಂದೆ. ಸುಮ್ನೆ ಮುಖ ನೋಡಿದ. ಎದ್ದು ಬಂದೆ. ಆಂಪ್ ತಂದ ಮೇಲೂ ಖರ್ಚು ನಿಲ್ಲಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಆಟ ಗೊತ್ತಲ್ಲ. ಸ್ಟೆಬಿಲೈಜರ್ 2,400, ಸ್ಪೀಕರ್ ವೈರ್ 900, ಬನಾನಾ ಪ್ಲಗ್ 640. ಆ ಬಿಲ್ಲನ್ನು ಮನೆಯವಳು ಇವತ್ತಿಗೂ ಎತ್ತಿ ಆಡ್ತಾಳೆ. ಆಡಲಿ. ತಗೊಂಡರೆ ಒಳ್ಳೇದನ್ನೇ ತಗೋಬೇಕು.

ಅರಸೀಕೆರೆ ಸೋಲ್ಡರ್:
ಶೋರೂಂ ಗಿರಾಕಿಗಳು ಹೇಳೋದೇ ಹೀಗೆ. ನಾನು ಮೆಕ್ಯಾನಿಕ್ ಕೈಲಿ ಆಂಪ್ ಕಟ್ಟಿಸಿದ್ದೇನೆ, ಲೆಕ್ಕ ಬರ್ಕೊಳ್ಳಿ. ಎಸ್‌ಟಿಕೆ ಅನ್ನೋ ಆಂಪ್ ಐಸಿಯ ಬೋರ್ಡ್ 850, ಟ್ರಾನ್ಸ್‌ಫಾರ್ಮರ್ 1,100, ಎನ್‌ಇ5532 ಐಸಿಯ ಫೋನೋ ಬೋರ್ಡ್ 420, ಕ್ಯಾಬಿನೆಟ್ 600, ಗುಜರಿ ಹೀಟ್‌ಸಿಂಕ್ 150. ಬೋರ್ಡಲ್ಲಿದ್ದ ಎಸ್‌ಟಿಕೆ ಡೂಪ್ಲಿಕೇಟ್. ವಾಲ್ಯೂಮ್ ಅರ್ಧ ಏರಿಸಿದ್ದಷ್ಟೇ, ಢಮಾರ್! ಇನ್ನೊಂದಕ್ಕೆ 380. ಆಮೇಲೆ ಶುರುವಾಯ್ತು ನೋಡಿ, ಗುಂಯ್ ಅಂತ. ಮುಳ್ಳಿನಿಂದ ಬರೋದು ನಾಲ್ಕೈದು ಮಿಲಿವೋಲ್ಟ್. ಅದನ್ನು ನೂರು ಪಟ್ಟು ಏರಿಸುವಾಗ ಟ್ರಾನ್ಸ್‌ಫಾರ್ಮರಿನ ಗುಂಯ್ಯೂ ಜೊತೆಗೇ ಏರತ್ತೆ. ಮೆಕ್ಯಾನಿಕ್ ಕೇಳಿದ್ರೆ "ನಿಮ್ಮ ಪ್ಲೇಟೇ ಹಾಗೆ" ಅಂದ! ನಾನೇ ಕೂತು ಫೋನೋ ಬೋರ್ಡನ್ನು 120 ರೂಪಾಯಿಯ ತಗಡಿನ ಡಬ್ಬಿಗೆ ಹಾಕಿ, ಟ್ರಾನ್ಸ್‌ಫಾರ್ಮರಿನಿಂದ ಒಂದಡಿ ಆಚೆ ಇಟ್ಟು, ಡೆಕ್ಕಿನ ಅರ್ತ್ ವೈರನ್ನು ಡಬ್ಬಿ ಮೈಗೆ ಬಿಗಿದೆ. ಗುಂಯ್ ಹೋಯ್ತು. ಒಟ್ಟು 3,620. ಯಮಹಾ ಬೇಕಾ?

ಜ್ಯೋತಿನಗರ, ಚಿಕ್ಕಮಗಳೂರು:
ಗಿರಾಕಿ ಅಂದ್ರೆ ಏನರ್ಥ ಸ್ವಾಮಿ? ನಿಮ್ಮ ತಗಡಿನ ಡಬ್ಬಿಯಲ್ಲಿ ಆರ್‌ಐಎಎ ಸರಿ ಇದೆಯಾ ಅಂತ ನೋಡಿದವರು ಯಾರು? ಪ್ಲೇಟ್ ಕೆತ್ತುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರ್ತಾರೆ. ಕೇಳುವಾಗ ಅದನ್ನು ಸರಿಯಾಗಿ ಉಲ್ಟಾ ಮಾಡಬೇಕು. 1954ರಿಂದ ಬಂದ ಲೆಕ್ಕ ಅದು. 420 ರೂಪಾಯಿ ಬೋರ್ಡಿನ ಕೆಪಾಸಿಟರ್ ನಂಬ್ಕೊಂಡು ನಮಗೆ ಪಾಠ ಹೇಳ್ತೀರಾ?

ಅರಸೀಕೆರೆ ಸೋಲ್ಡರ್:
ನನ್ನ ಕಿವಿ ನೋಡಿದೆ. ಮನೆಗೆ ಬನ್ನಿ, ಕೇಳಿಸ್ತೀನಿ. ಬನಾನಾ ಪ್ಲಗ್ ತರೋದು ಬೇಡ.

ಕೊಪ್ಪದ ಮಳೆ:
ಜಗಳ ಬಿಡಿ ಮಾರಾಯ್ರೆ. ನನ್ನ ಕಷ್ಟದ ಮುಂದೆ ನಿಮ್ಮದೆಲ್ಲ ಏನೂ ಅಲ್ಲ. ಹಳೇ ಜಪಾನ್ ರಿಸೀವರ್ (ರೇಡಿಯೋ ಸೇರಿದ ಆಂಪ್), 9,000. ಅದು 100 ವೋಲ್ಟಿನದು ಅಂತ ಮಾರಿದವ ಬಾಯಿ ಬಿಡಲಿಲ್ಲ. ಅಲ್ಲಿಯ ಮನೆಗಳ ಲೈನಿಗೆ ಮಾಡಿದ್ದು. ನಮ್ಮ 230ಕ್ಕೆ ಚುಚ್ಚಿದರೆ ಹೊಗೆಯೇ. ಪುಣ್ಯಕ್ಕೆ ನಮ್ಮ ಭಾವ ಹಿಂದಿನ ಚೀಟಿ ಓದಿದರು. 230ನ್ನು 100ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿಗೆ 2,200, ರುಬ್ಬುವ ಕಲ್ಲಿನಷ್ಟು ತೂಕ. ಆಷಾಢ ಬಂದದ್ದೇ ತಡ, ವಾಲ್ಯೂಮ್ ತಿರುಗಿಸಿದರೆ ಕರಕರ. ಎಡಗಡೆ ಸ್ಪೀಕರ್ ಒಮ್ಮೆ ಉಂಟು, ಒಮ್ಮೆ ಇಲ್ಲ. ಕಾಂಟ್ಯಾಕ್ಟ್ ಕ್ಲೀನರ್ 350, ಬಿಚ್ಚಿ ಕಟ್ಟಿದ್ದಕ್ಕೆ ಕೂಲಿ 500. ಮಳೆ ಮುಗಿಯುವವರೆಗೂ ಕಪಾಟಿನೊಳಗೆ 40 ವ್ಯಾಟ್ ಬಲ್ಬ್ ಉರಿಸಿಟ್ಟೆ. ಆದರೂ ಆ ದನಿ ಇದೆಯಲ್ಲ, ಹೊಸದರಲ್ಲಿ ಬರಲ್ಲ ಬಿಡಿ. ಪ್ಲೇಟಿಗೂ ಬೂಷ್ಟು ಹಿಡಿದಿತ್ತು, ಸ್ಪಿರಿಟ್ ಹಚ್ಚಿ ಒರೆಸಿದೆ. ಈಗ ಫಳಫಳ.

ಸಕಲೇಶಪುರ 78:
ಸ್ಪಿರಿಟ್ಟಾ! ಓದಿದವರು ಯಾರಾದ್ರೂ 78ರ (ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ) ಪ್ಲೇಟಿಗೆ ಹಚ್ಚಿದ್ರೆ ಮುಗೀತು. ಅದು ಅರಗು, ಸ್ಪಿರಿಟ್ಟಲ್ಲಿ ಕರಗತ್ತೆ. ನಮ್ಮ ಚಿಕ್ಕಪ್ಪ ಹೀಗೇ ಒಂದು ಕಟ್ಟು ಹಾಳು ಮಾಡಿದ್ರು, ನನಗಿನ್ನೂ ಹೊಟ್ಟೆ ಉರಿಯತ್ತೆ. ಹಾಸನದವರೇ, ಅಜ್ಜನ ಕಟ್ಟಿನಲ್ಲಿ 78 ಇದ್ರೆ ಎಲ್‌ಪಿ60ಗೆ ಹಾಕಬೇಡಿ, ಅದು 33 ಮತ್ತು 45 ಮಾತ್ರ ಓಡಿಸೋದು. ಅಂದ ಹಾಗೆ ಅದರಲ್ಲಿ ಫೋನೋ-ಲೈನ್ ಸ್ವಿಚ್ಚಿದೆ, ಲೈನ್‌ಗೆ ತಳ್ಳಿ. ಮುಳ್ಳಿನ ಸಣ್ಣ ಸಿಗ್ನಲ್ ಏರಿಸೋ ಪ್ರೀಆಂಪ್ ಒಳಗೇ ಇದೆ, ಯಾವ ಆಂಪಿನ ಆಕ್ಸ್‌ಗೆ (ಮಾಮೂಲಿ ಸಾಕೆಟ್ಟಿಗೆ) ಬೇಕಾದ್ರೂ ಕೊಡಬಹುದು. ಫೋನೋ ಸಾಕೆಟ್ಟಿಗೆ ಅಂತ ದುಡ್ಡು ಯಾಕೆ ಸುರೀತೀರಿ?

ಕೊಪ್ಪದ ಮಳೆ:
ನನ್ನವು ವಿನೈಲ್ ಮಾರಾಯ್ರೆ. 78 ಅಂತ ನಾನು ಎಲ್ಲಿ ಬರೆದೆ?

ಸಕಲೇಶಪುರ 78:
ವಿನೈಲ್‌ಗೂ ಬರೀ ಸ್ಪಿರಿಟ್ ಬೇಡ. ಬ್ಯಾಟರಿ ನೀರು ಸಾಕು.

ಅರಸೀಕೆರೆ ಸೋಲ್ಡರ್:
ಸರಿಯಾಗಿ ಬರೀರಿ ಸಾರ್, ಯಾರಾದ್ರೂ ಆಸಿಡ್ ತಂದು ಸುರಿದಾರು. ಡಿಸ್ಟಿಲ್ಡ್ ವಾಟರ್ ಅನ್ನಿ. ಕೊಪ್ಪದವರೇ, ಆ ಸ್ಟೆಪ್‌ಡೌನ್ ಕೊಡೋದಿದ್ರೆ ಹೇಳಿ, ಒಳಗೆ ಒಳ್ಳೇ ತಾಮ್ರ ಇರತ್ತೆ.

ಜ್ಯೋತಿನಗರ, ಚಿಕ್ಕಮಗಳೂರು:
ಇನ್ನು ಅದನ್ನೂ ಬಿಚ್ಚೋಕೆ ಹೊರಟ್ರು.