ಪದಚರ್ಚೆ: ‘ವಿಷಯ’ ಎಂದರೆ ಹಣೆಪಟ್ಟಿಯೋ, ಒಳಗಿನ ಸಂಗತಿಯೋ?

ಗಣಕಜಾಲದಲ್ಲಿ ಸಂದೇಶ ಹಂಚುವ ‘ಪಬ್ಲಿಷ್-ಸಬ್‌ಸ್ಕ್ರೈಬ್’ ಎಂಬ ಪದ್ಧತಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದರ ಪದಗಳಿಗೆ ಕನ್ನಡ ಹುಡುಕುತ್ತಿದ್ದೇನೆ. ಇಲ್ಲಿ ಪ್ರಕಟಿಸುವವನಿಗೆ ಪಡೆಯುವವರು ಯಾರೆಂಬುದೇ ಗೊತ್ತಿರುವುದಿಲ್ಲ. ಬೇಕಾದವರು ತಮಗೇನು ಬೇಕೆಂದು ಮೊದಲೇ ಹೇಳಿಟ್ಟಿರುತ್ತಾರೆ. ನಡುವಿನ ‘ಬ್ರೋಕರ್’ ಎಂಬ ತಂತ್ರಾಂಶ ಎರಡನ್ನೂ ಹೊಂದಿಸಿ ಸಂದೇಶವನ್ನು ತಲುಪಿಸುತ್ತದೆ. ಪಡೆಯುವವರಿಗೆ ‘ಚಂದಾದಾರ’ ಎಂಬ ಮಾತು ಬಳಸಲು ನನ್ನ ತಕರಾರಿಲ್ಲ. ಚಂದಾ ಕೊಡದ ಚಂದಾದಾರರನ್ನು ಯೂಟ್ಯೂಬ್ ನಮಗೆ ರೂಢಿ ಮಾಡಿಸಿದೆ. ಅವರು ಹೇಳಿಟ್ಟದ್ದಕ್ಕೆ ‘ಆಸಕ್ತಿ’ ಮಾತ್ರ ಬೇಡ: ಅದು ಮನಸ್ಸಿನದು, ಬ್ರೋಕರ್‌ಗೆ ಬೇಕಿರುವುದು ಬರೆದುಕೊಟ್ಟ ಷರತ್ತು. ಆದ್ದರಿಂದ ‘ಕೋರಿಕೆ’ ಎನ್ನುತ್ತಿದ್ದೇನೆ.

ತೊಡಕಿರುವುದು ‘ವಿಷಯ’ದಲ್ಲಿ. ಒಂದು ಕ್ರಮದಲ್ಲಿ ಸಂದೇಶದ ಹಣೆಪಟ್ಟಿಯನ್ನಷ್ಟೇ ನೋಡುತ್ತಾರೆ. ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲೆಂದು 1999ರಲ್ಲಿ ಹುಟ್ಟಿದ ಎಂಕ್ಯೂಟಿಟಿ (MQTT) ಎಂಬ ಸಂದೇಶ ವಿನಿಮಯದ ನಿಯಮಾವಳಿ ಈ ಬಗೆಯದು. ‘ಮಳೆ/ಕೊಡಗು/ಭಾಗಮಂಡಲ’ ಎಂದು ಹಂತಹಂತವಾಗಿ ಹೆಸರಿಡಬಹುದು. ಕೋರಿಕೆಯ ಕೊನೆಯಲ್ಲಿ ಊರಿನ ಬದಲು ಹ್ಯಾಶ್ ಚಿಹ್ನೆ (#) ಇಟ್ಟರೆ ಕೊಡಗಿನ ಮಳೆಯ ಸುದ್ದಿಯೆಲ್ಲ ಬರುತ್ತದೆ. ಇನ್ನೊಂದು ಕ್ರಮದಲ್ಲಿ ಸಂದೇಶದೊಳಗಿನ ಅಂಕಿಯನ್ನೇ ಪರೀಕ್ಷಿಸುತ್ತಾರೆ: ‘ಮಳೆ 100 ಮಿ.ಮೀ. ಮೀರಿದರೆ ಮಾತ್ರ ತಿಳಿಸು.’ ಇಂಗ್ಲಿಷಿನಲ್ಲಿ ಮೊದಲನೆಯದು ‘ಟಾಪಿಕ್’ ಆಧಾರಿತ, ಎರಡನೆಯದು ‘ಕಂಟೆಂಟ್’ ಆಧಾರಿತ; ಕನ್ನಡದಲ್ಲಿ ಎರಡೂ ‘ವಿಷಯಾಧಾರಿತ’ವೇ ಆಗಿಬಿಡುತ್ತವೆ! ಮೊದಲನೆಯದಕ್ಕೆ ‘ಶೀರ್ಷಿಕೆ’ ಒಗ್ಗುತ್ತದೆ. ಎರಡನೆಯದಕ್ಕೆ? ‘ಹೂರಣ’ ಎಂದು ಕೆಲವರು ಬಳಸುವುದುಂಟು. ಲೇಖನಕ್ಕೆ ಸರಿ, ಮಳೆಮಾಪಕದ ಅಂಕಿಗೆ ಕೂಡಿಬರುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಇದೆ, ನನಗೆ ಹೆಚ್ಚು ರುಚಿಸಿದ್ದು ಅದೇ. ಒಬ್ಬರಿಗೆ 50 ಮಿ.ಮೀ. ಮೀರಿದ ಮಳೆಯ ಸುದ್ದಿ ಬೇಕು, ಇನ್ನೊಬ್ಬರಿಗೆ 100 ಮೀರಿದ್ದು. ಜಾಲದಲ್ಲಿ ಬ್ರೋಕರ್‌ಗಳು ಹಲವಿದ್ದಾಗ, ಇಬ್ಬರಿಗೂ ಹತ್ತಿರದ ಬ್ರೋಕರ್ ಮೊದಲ ಕೋರಿಕೆಯನ್ನಷ್ಟೇ ಮುಂದಿನ ಬ್ರೋಕರ್‌ಗೆ ದಾಟಿಸಿದರೆ ಸಾಕು. ಎರಡನೆಯವರಿಗೆ ಬೇಕಾದದ್ದೆಲ್ಲ ಅದರ ಜೊತೆಗೇ ಬರುತ್ತದೆ. ಜಾಲದಲ್ಲಿ ಓಡಾಡುವ ಕೋರಿಕೆಗಳೂ ತಗ್ಗುತ್ತವೆ, ಯಾವ ಸಂದೇಶ ಯಾವ ಕಡೆಗೆಂದು ಬ್ರೋಕರ್‌ಗಳು ಇಟ್ಟುಕೊಳ್ಳುವ ದಾರಿಪಟ್ಟಿಯೂ ಚಿಕ್ಕದಾಗುತ್ತದೆ. ಈ ಸಂಬಂಧಕ್ಕೆ ಭಾರತೀಯ ತರ್ಕಶಾಸ್ತ್ರದ ‘ವ್ಯಾಪ್ಯ’ ಮತ್ತು ‘ವ್ಯಾಪಕ’ ಅಳತೆ ಕೊಟ್ಟು ಮಾಡಿಸಿದಂತಿವೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಇರುವುದರಿಂದ ಹೊಗೆ ವ್ಯಾಪ್ಯ, ಬೆಂಕಿ ವ್ಯಾಪಕ. 100 ಮೀರಿದ್ದೆಲ್ಲ 50ನ್ನೂ ಮೀರಿರುವುದರಿಂದ 50ರ ಕೋರಿಕೆ ವ್ಯಾಪಕ. ಆದರೆ ‘ರಾಜ್ಯದಲ್ಲಿ ವ್ಯಾಪಕ ಮಳೆ’ ಎಂದು ದಿನಪತ್ರಿಕೆಯಲ್ಲಿ ಓದಿದವರು ಈ ಪದವನ್ನು ಬೇರೆಯಾಗಿಯೇ ತಿಳಿದಾರು.

‘ಒಳಗೊಳ್ಳುವ ಕೋರಿಕೆ’ ಎಂದು ಬಿಡಿಸಿ ಬರೆಯಲೇ, ಶಾಸ್ತ್ರದ ಪದವನ್ನೇ ಇಟ್ಟು ಮೊದಲ ಬಳಕೆಯಲ್ಲಿ ವಿವರಿಸಲೇ? ನ್ಯಾಯಶಾಸ್ತ್ರವನ್ನು (ಕಾನೂನನ್ನಲ್ಲ, ಆ ತರ್ಕಶಾಸ್ತ್ರವನ್ನೇ) ಕನ್ನಡದಲ್ಲಿ ಪಾಠ ಮಾಡಿದವರು ಯಾರಾದರೂ ಇದ್ದರೆ, ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಈ ಜೋಡಿಯನ್ನು ಹೇಗೆ ಬಿಡಿಸಿ ಹೇಳುತ್ತಿದ್ದಿರೆಂದು ತಿಳಿಸಿ.