ಅಪ್‌ಡೇಟ್: ಪ್ರಮಾಣಪತ್ರ ನವೀಕರಣವಾಯಿತು, ತಡೆದಿದ್ದು ಮುಚ್ಚಿದ್ದ ಬಾಗಿಲು

ತೀರ್ಥಹಳ್ಳಿಯ ನಮ್ಮ ಅಡಿಕೆ ಬೆಳೆಗಾರರ ಜಾಲತಾಣದ ಸುರಕ್ಷತಾ ಪ್ರಮಾಣಪತ್ರ (ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಕೊಟ್ಟದ್ದು) 90 ದಿನದ ಅವಧಿ ತುಂಬಿದರೂ ತಾನಾಗಿ ನವೀಕರಣವಾಗುತ್ತಿಲ್ಲ, ಏಕೆ ಎಂದು ಇಲ್ಲಿ ಕೇಳಿದ್ದೆ. ಕಾರಣ ಸಿಕ್ಕಿತು. ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್ ಬಂದ ಮೇಲೆ ಹಳೆಯ ಎಚ್‌ಟಿಟಿಪಿಯ 80ನೇ ಪೋರ್ಟ್ (ಸರ್ವರ್‌ಗೆ ಹೊರಗಿನಿಂದ ಬರುವ ಒಂದು ಬಾಗಿಲು) ಏತಕ್ಕೆಂದು, ಸರ್ವರ್ ಕಾಯುವ ಫೈರ್‌ವಾಲ್‌ನಲ್ಲಿ ಮುಚ್ಚಿದ್ದೆ. ಜಾಲತಾಣ ನಮ್ಮದೇ ಎಂದು ಪರೀಕ್ಷಿಸಲು ಲೆಟ್ಸ್ ಎನ್‌ಕ್ರಿಪ್ಟ್‌ನವರು ಬರುವುದು ಆ ಬಾಗಿಲಿಗೇ!

ನಿನ್ನೆ ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು. ಮೊಬೈಲ್ ಇಂಟರ್ನೆಟ್‌ನಲ್ಲೇ ಸರ್ವರ್ ಹೊಕ್ಕು ಪೋರ್ಟ್ ತೆರೆದೆ. ಪ್ರಮಾಣಪತ್ರ ನವೀಕರಿಸುವ ಸರ್ಟ್‌ಬಾಟ್ ತಂತ್ರಾಂಶದ ಡ್ರೈ ರನ್ (ಪ್ರಾಯೋಗಿಕ ಓಟ) ಪಾಸಾಯಿತು, ನಿಜವಾದ ನವೀಕರಣವೂ ಆಯಿತು. ಆದರೂ ಬ್ರೌಸರ್‌ನಲ್ಲಿ ಹಳೆಯ ತಾರೀಖೇ. ಜಾಲತಾಣವನ್ನು ಒದಗಿಸುವ ಎಂಜಿನ್‌ಎಕ್ಸ್ ತಂತ್ರಾಂಶವನ್ನು ರೀಲೋಡ್ ಮಾಡಿದ ಮೇಲೆಯೇ ಹೊಸದು ಕಾಣಿಸಿತು. ಆ ರೀಲೋಡ್ ಆದೇಶವನ್ನು ಈಗ ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ಗೆ (ನವೀಕರಣವಾದೊಡನೆ ತಾನಾಗಿ ನಡೆಯುವ ಆದೇಶ) ಸೇರಿಸಿದ್ದೇನೆ.

ಪೋರ್ಟ್ ನೋಡಿ ಎಂದವರಿಗೆ ಮನಸಾರೆ ಕೃತಜ್ಞತೆ. ಬೆಳಿಗ್ಗೆ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿ, "ಜಾಲತಾಣ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರಲಿಲ್ಲ ಮಾರಾಯರೇ, ಧಾರಣೆ ನೋಡಿದೆ" ಎಂದರು.