ಮಾಲ್ಟಾದಲ್ಲಿ ಗಾಳಿ ನೋಡಿಕೊಂಡು ಬೀಚ್ ಆರಿಸಿಕೊಳ್ಳಿ

ಅಕ್ಕಾ, ಸೆಪ್ಟೆಂಬರಿನಲ್ಲಿ ಮಾಲ್ಟಾಕ್ಕೆ ಬಂದಾಗ ಮಕ್ಕಳನ್ನು ಈಜಿಗೆ ಯಾವ ಬೀಚಿಗೆ ಕರೆದೊಯ್ಯಬೇಕು, ಭಾವನವರು ಎಲ್ಲಿ ಡೈವಿಂಗ್ ಮಾಡಬಹುದು ಎಂದು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ನಾಲ್ಕು ವರ್ಷದಿಂದ ಇಲ್ಲೇ ಇರುವುದರಿಂದ ತುಸು ವಿವರವಾಗಿಯೇ ಹೇಳುತ್ತೇನೆ. ಬೀಚನ್ನು ಈಗಲೇ ಗೊತ್ತುಮಾಡಿಕೊಳ್ಳಬೇಡಿ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ಆಯಾ ದಿನ ಬೆಳಿಗ್ಗೆ ನೋಡಿ ಆರಿಸಿಕೊಳ್ಳಿ. ಮಾಲ್ಟಾ ದ್ವೀಪದ ಉದ್ದ ಸುಮಾರು 27 ಕಿಲೋಮೀಟರ್ ಮಾತ್ರ, ಹಾಗಾಗಿ ಒಂದು ದಡದಲ್ಲಿ ಅಲೆ ಎದ್ದರೆ ಇನ್ನೊಂದು ದಡಕ್ಕೆ ಹೋಗುವುದು ಕಷ್ಟವಲ್ಲ.

ಇಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದ ಗಾಳಿ. ಊರವರು ಅದನ್ನು ಮಯ್ಯಿಸ್ತ್ರಾಲ್ ಎನ್ನುತ್ತಾರೆ. ಅದು ಜೋರಾದ ದಿನ ಪಶ್ಚಿಮದ ಗೋಲ್ಡನ್ ಬೇ, ಆಯ್ನ್ ತುಫ್ಫೀಹಾ ಬೀಚುಗಳಲ್ಲಿ ನೀರಿನ ಸೆಳೆತ ಬಲವಾಗಿರುತ್ತದೆ. ಬಂದ ಮೊದಲ ವರ್ಷ ನಾನು ಆಯ್ನ್ ತುಫ್ಫೀಹಾದಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದೆ. ಪ್ರತಿ ಅಲೆ ಹಿಂದೆ ಸರಿಯುವಾಗಲೂ ಅಂಗಾಲಿನಡಿಯ ಮರಳು ಜಾರಿ ಹೋಗುತ್ತಿತ್ತು, ಎರಡು ಹೆಜ್ಜೆ ದಡದ ಕಡೆ ಇಟ್ಟರೆ ಮೂರು ಹೆಜ್ಜೆ ಒಳಕ್ಕೆ ಎಳೆಯುತ್ತಿತ್ತು. ಕೆಂಪು ಬಾವುಟ ಹಾರುತ್ತಿದ್ದರೆ ಮಕ್ಕಳು ಎಷ್ಟೇ ಹಟ ಹಿಡಿದರೂ ಇಳಿಸಬೇಡಿ. ಅಂಥ ದಿನ ಆಗ್ನೇಯದ ಬಿರ್ಜೆಬ್ಬುಜಾದಲ್ಲಿರುವ ಪ್ರೆಟಿ ಬೇ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಎದುರಿಗೆ ಬಂದರಿನ ಕ್ರೇನುಗಳು ಕಾಣುತ್ತವೆ, ಆದರೆ ಮಕ್ಕಳಿಗೆ ಅದರಿಂದ ಏನೂ ತೊಂದರೆಯಿಲ್ಲ. ಗಾಳಿಯಿಲ್ಲದ ದಿನ ಮೆಲ್ಲೀಹಾದ ಆದೀರಾ ಬೀಚಿಗೆ ಹೋಗಿ. ಮರಳು ದಡದಿಂದ ಬಹುದೂರದವರೆಗೆ ನೀರು ಆಳವಿಲ್ಲ. ಬಂಡೆಗಳಿರುವ ಕಡೆ ಇಳಿಯುವುದಾದರೆ ಎಲ್ಲರಿಗೂ ರಬ್ಬರ್ ಅಡಿಯ ನೀರಿನ ಶೂ ತನ್ನಿ, ಅಲ್ಲಿ ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಎಂಬ ಕಡಲಜೀವಿಗಳು ಬಂಡೆಗೆ ಅಂಟಿಕೊಂಡಿರುತ್ತವೆ.

ಇನ್ನು ಭಾವನವರ ವಿಷಯ. ಅವರು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ತರಬೇತುದಾರರ ಕೈ ಹಿಡಿದು ಒಮ್ಮೆ ಇಳಿದಿದ್ದಾರೆ, ಪ್ರಮಾಣಪತ್ರ ಇಲ್ಲ. ಪಕ್ಕದ ಗೋಜೊ ದ್ವೀಪದ ದ್ವೇಯ್ರಾದಲ್ಲಿರುವ ಬ್ಲೂ ಹೋಲ್ ಅವರ ಆಸೆ. ಅದು ಬಂಡೆಯ ನಡುವಿನ, ಸುಮಾರು 15 ಮೀಟರ್ ಆಳದ ಬಾವಿಯಂಥ ಜಾಗ. ನೀರೊಳಗಿನ ಕಮಾನಿನ ಮೂಲಕ ಹೊರಗಿನ ಕಡಲಿಗೆ ದಾರಿ ಇದೆ. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದ ಅಝೂರ್ ವಿಂಡೋ ಎಂಬ ಬಂಡೆಯ ಹೆಬ್ಬಾಗಿಲಿನ ತುಂಡುಗಳು ಈಗ ಅಲ್ಲೇ ನೀರಡಿಯಲ್ಲಿವೆ. ಬೆನ್ನಿಗೆ ಸಿಲಿಂಡರ್ ಹೊತ್ತು, ಬಿಸಿಲಿನಲ್ಲಿ ಮೊನಚು ಬಂಡೆಗಳ ಮೇಲೆ ನಡೆದೇ ಅಲ್ಲಿಗೆ ತಲುಪಬೇಕು. ಅವರು ಬೆಂಗಳೂರಿನಲ್ಲೇ ಈಜುಕೊಳದ ಪಾಠಗಳನ್ನು ಮುಗಿಸಿ, ಇಲ್ಲಿ ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸ್ ಪೂರ್ತಿ ಮಾಡಿದರೆ 18 ಮೀಟರ್‌ವರೆಗೆ ಇಳಿಯಬಹುದು. ಇಲ್ಲದಿದ್ದರೆ ಈ ಸಲ ಆಳವಿಲ್ಲದ ಕೊಲ್ಲಿಯೊಂದರಲ್ಲಿ ತರಬೇತುದಾರರ ಜೊತೆ ಇಳಿದರೆ ಸಾಕು ಎಂದು ದಯವಿಟ್ಟು ಒಪ್ಪಿಸಿ.

ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡುವಿರಬೇಕು. ಆದ್ದರಿಂದ ಹಿಂದಿರುಗುವ ವಿಮಾನದ ದಿನ, ಸಮಯ ತಿಳಿಸಿ, ಅದನ್ನು ನೋಡಿಕೊಂಡೇ ಡೈವಿಂಗ್ ದಿನ ಗೊತ್ತುಮಾಡುತ್ತೇನೆ.